ಗೆಣ್ಣು ನೋಡಿ ಗಿಡ ಆರಿಸಿದೆ

ನೆಲ ಮುಚ್ಚುವ ಗಿಡ ಬೇಕು ಅಂದಾಗ ನಮ್ಮ ಕಣ್ಣು ಮೊದಲು ಹೋಗುವುದು ಎಲೆಯ ಬಣ್ಣದ ಮೇಲೆ. ಹೂ ಬಿಡುತ್ತಾ, ಬೇಗ ಹಬ್ಬುತ್ತಾ ಅಂತ ಆಮೇಲೆ ಕೇಳುತ್ತೇವೆ. ನಾನು ಮೊದಲು ನೋಡುವುದು ಗೆಣ್ಣನ್ನು. ನರ್ಸರಿಯಲ್ಲಿ ಒಂದು ಬಳ್ಳಿ ಮೆಲ್ಲಗೆ ಎತ್ತಿ, ಮಣ್ಣಿಗೆ ತಾಗಿದ ಗೆಣ್ಣಿನಲ್ಲಿ ಬೇರು ಬಿಟ್ಟಿದೆಯಾ ಅಂತ ಗಮನಿಸುತ್ತೇನೆ. ಪ್ರತಿ ಗೆಣ್ಣಲ್ಲೂ ಬೇರಿದ್ದರೆ ಅದು ತಾನಾಗಿಯೇ ಹಬ್ಬುವ ಜಾತಿ. ಪಕ್ಕದ ಪಾತಿಗೂ ಹೇಳದೆ ಕೇಳದೆ ನುಗ್ಗುತ್ತದೆ. ಬೇರೆಲ್ಲ ಬುಡದಲ್ಲೇ ಇದ್ದರೆ ಗಿಡ ನಿಂತಲ್ಲೇ ಪೊದೆಯಾಗುತ್ತದೆ. ಜಾಗ ತುಂಬಬೇಕಾದರೆ ನಾವೇ ಜಾಸ್ತಿ ಗಿಡ ನೆಡಬೇಕು. ಮುಂದಿನ ವರ್ಷಗಳಲ್ಲಿ ಕತ್ತರಿ ಹಿಡಿಯಬೇಕಾ, ಕಳೆ ಕೀಳುತ್ತಾ ಕೂರಬೇಕಾ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ಬರುವ ಗಿಡಗಳೆಲ್ಲ ಹಿಮ ಬೀಳದ ಜಾಗಕ್ಕೆ ಸರಿಹೋಗುವಂಥವು. ವರ್ಷವಿಡೀ ಹಸಿರಾಗಿರುತ್ತವೆ ಅಂದಮಾತ್ರಕ್ಕೆ ಎಲೆ ಉದುರುವುದೇ ಇಲ್ಲ ಅಂತಲ್ಲ. ಅಡಿಯ ಎಲೆ ಹಣ್ಣಾಗಿ ಬೀಳುತ್ತಲೇ ಇರುತ್ತದೆ, ಮೇಲೆ ಚಿಗುರು ಬರುತ್ತಲೇ ಇರುತ್ತದೆ.

ಗಿಡ ತರುವ ಮೊದಲು ಜಾಗ ನೋಡಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೆರಳು ಎಲ್ಲಿಗೆ ಬರುತ್ತದೆ ಅಂತ ಕಡ್ಡಿ ಚುಚ್ಚಿ ಗುರುತು ಮಾಡಿದೆ. ಒಂದೇ ತೋಟದಲ್ಲಿ ಬೇರೆ ಬೇರೆ ನೆಲ ಇರುತ್ತದೆ ಅಲ್ವಾ? ನನ್ನಲ್ಲಿ ಒಂದು ಕಡೆ ದೊಡ್ಡ ಎಲೆಯ ಮರದ ನೆರಳು, ಇನ್ನೊಂದು ಕಡೆ ಬಿಸಿಲು ಬೀಳುವ ಇಳಿಜಾರು. ನಲ್ಲಿಯ ಹತ್ತಿರ ಸದಾ ಒದ್ದೆ. ಎಲ್ಲದಕ್ಕೂ ಒಂದೇ ಗಿಡ ಹಾಕಿದರೆ ನೋಡಲು ಒಪ್ಪವಾಗಿರುತ್ತದೆ ಅನಿಸಬಹುದು. ಆದರೆ ಎಲ್ಲೋ ಒಂದು ಕಡೆ ಅದು ಸೊರಗಿ, ಬೋಳು ನೆಲ ಕಂಡೇ ಕಾಣುತ್ತದೆ.

ಇಳಿಜಾರಿಗೆ ಅರಾಕಿಸ್ ಪಿಂಟೊಯ್ ಆರಿಸಿದೆ. ಇದು ಕಡಲೆಕಾಯಿ ಗಿಡದ ಹತ್ತಿರದ ಸಂಬಂಧಿ. 1954ರಲ್ಲಿ ಬ್ರೆಜಿಲ್‌ನಲ್ಲಿ ಇದನ್ನು ಸಂಗ್ರಹಿಸಿದ ಜೆರಾಲ್ಡೊ ಪಿಂಟೊ ಅವರ ಹೆಸರೇ ಗಿಡಕ್ಕೂ ಬಂದಿದೆ. ನಾಲ್ಕು ನಾಲ್ಕಾಗಿ ಜೋಡಿಸಿದ ಪುಟ್ಟ ಎಲೆ, ಹಳದಿ ಹೂ. ಕತ್ತಲಾದರೆ ಎಲೆ ಮಡಿಚಿಕೊಳ್ಳುತ್ತದೆ. ಹೊಸಬರು ಅದನ್ನು ನೋಡಿ ನೀರು ಸಾಲಲಿಲ್ಲವೇನೋ ಅಂತ ಗಾಬರಿಯಾಗುವುದುಂಟು. ಬಳ್ಳಿ ಸಾಗಿದಲ್ಲೆಲ್ಲ ಗೆಣ್ಣಿನಿಂದ ಬೇರಿಳಿಸಿ ಮಣ್ಣನ್ನು ಹಿಡಿದುಕೊಳ್ಳುವುದರಿಂದ, ಮಳೆನೀರು ಹರಿಯುವ ಜಾಗಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಒಂದು ಗಿಡ ಕಿತ್ತು ಬೇರಿನ ಮಣ್ಣು ತೊಳೆದು ನೋಡಿ, ಸಾಸಿವೆ ಗಾತ್ರದ ಗಂಟುಗಳು ಕಾಣುತ್ತವೆ. ಉಗುರಿನಿಂದ ಒಂದನ್ನು ಸೀಳಿ. ಒಳಗೆ ನಸುಗೆಂಪು ಇದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ ಅರ್ಥ. ಹಾಗಾಗಿ ಈ ಪಾತಿಗೆ ನಾನು ಯೂರಿಯಾ ಹಾಕುವುದಿಲ್ಲ. ಹಾಕಿದರೆ ಗಿಡ ಆ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಇದನ್ನು ಕವರುಗಟ್ಟಲೆ ಕೊಳ್ಳಬೇಕಾಗಿಯೂ ಇಲ್ಲ. ಸ್ವಲ್ಪ ಬಲಿತ ಬಳ್ಳಿಯನ್ನು ನಾಲ್ಕು ಗೆಣ್ಣು ಬರುವಂತೆ ತುಂಡು ಮಾಡಿ, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಓರೆಯಾಗಿ ಚುಚ್ಚಿದರೆ ಹತ್ತುತ್ತದೆ. ಬೇರು ಹಿಡಿಯುವವರೆಗೆ ಮಣ್ಣು ಒಣಗಬಾರದು, ಅಷ್ಟೆ.

ಅದೇ ಇಳಿಜಾರಿಗೆ ವೆಡೇಲಿಯಾ ಹಾಕಿ ಅಂದವರೂ ಇದ್ದರು. ಅದೂ ಹಳದಿ ಹೂವಿನದೇ, ಇನ್ನೂ ಬೇಗ ಹಬ್ಬುತ್ತದೆ, ಬಿಸಿಲಿಗೂ ಜಗ್ಗಲ್ಲ, ನೀರು ನಿಂತರೂ ಸಾಯಲ್ಲ. ನಾನು ಬೇಡ ಅಂದದ್ದು ಅದಕ್ಕೇ. ಕತ್ತರಿಸಿ ಎಸೆದ ತುಂಡೂ ಬಿದ್ದಲ್ಲೇ ಬೇರು ಬಿಡುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಇದನ್ನು ಸೇರಿಸಿದೆ. ತೋಟದ ಕಸ ಹಳ್ಳಕ್ಕೋ ಖಾಲಿ ಜಾಗಕ್ಕೋ ಹೋದರೆ ಅಲ್ಲಿನ ಸಣ್ಣಪುಟ್ಟ ಗಿಡಗಳೆಲ್ಲ ಇದರಡಿ ಸೇರುತ್ತವೆ. ಏನು ಮಾಡಿದರೂ ಸಾಯದ ಗಿಡ ಅಂತ ಯಾರಾದರೂ ಹೊಗಳಿದರೆ ನಾನು ಸ್ವಲ್ಪ ಹಿಂದೆ ಸರಿಯುತ್ತೇನೆ.

ಮರದ ಕೆಳಗಿನ ಜಾಗಕ್ಕೆ ಹೆಚ್ಚು ತಲೆ ಕೆಡಿಸಿಕೊಂಡೆ. ನೆರಳಿಗೆ ಅಂದರೆ ಎಲ್ಲರೂ ಮೊಂಡೋ ಗ್ರಾಸ್ ಹೇಳುತ್ತಾರೆ. ಕಡುಹಸಿರಿನ ಸಣ್ಣ ಗರಿ, ನೆರಳು ತಡೆಯುತ್ತದೆ, ಕತ್ತರಿಸುವ ಕೆಲಸವೇ ಇಲ್ಲ. ಎಲ್ಲ ಸರಿ. ಆದರೆ ಮರದ ಎಲೆ ಎಷ್ಟು ದೊಡ್ಡದು ಅಂತ ಯಾರೂ ಕೇಳುವುದಿಲ್ಲ. ಅಂಗೈ ಅಗಲದ ತರಗೆಲೆ ದಿನಾ ಬೀಳುವ ಕಡೆ ಗಿಡ್ಡ ಮೊಂಡೋ ಹಾಕಿದರೆ ಎಲೆ ಅದರ ಮೇಲೆಯೇ ಕೂರುತ್ತದೆ. ಗುಡಿಸಲು ಹೋದರೆ ಪೊರಕೆಗೆ ಗಿಡ ಸಿಕ್ಕಿಕೊಳ್ಳುತ್ತದೆ, ಬಿಟ್ಟರೆ ಅಡಿಯಲ್ಲಿ ಕೊಳೆಯುತ್ತದೆ. ಅದಕ್ಕೆ ದೊಡ್ಡ ಎಲೆಯ ಮರದ ಬುಡಕ್ಕೆ ಸಿಂಗೋನಿಯಂ ಹಾಕಿದೆ. ಅದರ ತೊಟ್ಟು ಉದ್ದ. ಬಿದ್ದ ತರಗೆಲೆ ತೊಟ್ಟುಗಳ ನಡುವೆ ಜಾರಿ ಕೆಳಗೆ ಹೋಗಿ ಅಲ್ಲೇ ಗೊಬ್ಬರವಾಗುತ್ತದೆ. ಗುಡಿಸುವ ಗೋಜೇ ಇಲ್ಲ. ಮೊಂಡೋವನ್ನು ಪುಡಿ ಎಲೆ ಉದುರಿಸುವ ಮರದ ಕೆಳಗೂ, ಹಾಸುಗಲ್ಲುಗಳ ಸಂದಿಗೂ ಇಟ್ಟುಕೊಂಡೆ. ಅಪರೂಪಕ್ಕೊಮ್ಮೆ ಕಾಲು ಬಿದ್ದರೆ ತಡೆಯುತ್ತದೆ. ಮಕ್ಕಳು ಓಡಾಡುವ ಹುಲ್ಲುಹಾಸಿನ ಬದಲಿಗೆ ಅಂತ ಮಾತ್ರ ಹಾಕಬೇಡಿ.

ಸಿಂಗೋನಿಯಂನ ತಕರಾರು ಎರಡು. ಮರ ಸಿಕ್ಕರೆ ಹತ್ತುತ್ತದೆ, ಹತ್ತಿದಂತೆ ಎಲೆಯ ಆಕಾರವೇ ಬದಲಾಗುತ್ತದೆ. ಹಾಗಾಗಿ ಕಾಂಡದ ಸುತ್ತ ಒಂದು ಗೇಣು ಜಾಗ ಖಾಲಿ ಬಿಟ್ಟಿದ್ದೇನೆ, ಆ ಗೆರೆ ದಾಟಿದ ಬಳ್ಳಿಯನ್ನು ಕತ್ತರಿಸುತ್ತೇನೆ. ಮತ್ತೆ, ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಮಗುವೋ ನಾಯಿಯೋ ಎಲೆ ಅಗಿದರೆ ಬಾಯಿ ಉರಿಯುತ್ತದೆ, ಊದಿಕೊಳ್ಳುತ್ತದೆ. ಮನಿಪ್ಲಾಂಟಿಗೂ ಇದೇ ಮಾತು. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಸ್ಪೈಡರ್ ಪ್ಲಾಂಟ್ ಹಾಕುವುದು ಕ್ಷೇಮ.

ಮರದಡಿ ನೆಡುವಾಗ ಅಗೆತ ಜಾಸ್ತಿ ಬೇಡ. ದಪ್ಪ ಬೇರುಗಳ ನಡುವೆ ಕೈ ಹಿಡಿಸುವಷ್ಟು ಗುಂಡಿ ಮಾಡಿ ಅಲ್ಲಲ್ಲೇ ನೆಟ್ಟೆ. ಗಿಡ ಚೆನ್ನಾಗಿ ಬರಲಿ ಅಂತ ಬೇರಿನ ಮೇಲೆ ಬುಟ್ಟಿಗಟ್ಟಲೆ ಮಣ್ಣು ಸುರಿಯುವುದು ಮರಕ್ಕೆ ಒಳ್ಳೆಯದಲ್ಲ, ಬೇರಿಗೆ ಗಾಳಿ ಸಿಗದಂತಾಗುತ್ತದೆ.

ನಲ್ಲಿಯ ಹತ್ತಿರ ಒಂದೆಲಗ. ಇದಕ್ಕೆ ಯೋಚನೆಯೇ ಬೇಕಾಗಲಿಲ್ಲ. ಒದ್ದೆ ಮಣ್ಣು, ಅರೆ ನೆರಳು ಸಿಕ್ಕರೆ ಅದರಷ್ಟಕ್ಕೆ ಅದು ಇರುತ್ತದೆ. ನೆರಳಿನ ಮೂಲೆಯಲ್ಲಿ ಬಣ್ಣ ಬೇಕು ಅಂತ ಸ್ವಲ್ಪ ಜೀಬ್ರಿನಾ ಹಾಕಿದ್ದೇನೆ, ಎಲೆಯ ಅಡಿ ನೇರಳೆ, ಮೇಲೆ ಬೆಳ್ಳಿ ಗೆರೆ. ಚಂದ ಇದೆ, ಆದರೆ ದಂಟು ಉದ್ದವಾದಂತೆ ಬುಡ ಬೋಳಾಗುತ್ತದೆ. ಆಗಾಗ ತುದಿ ಚಿವುಟಿ ಆ ಬೋಳು ಜಾಗಕ್ಕೇ ಚುಚ್ಚಬೇಕು. ಅದರ ರಸ ತಾಗಿದರೆ ಕೆಲವರಿಗೆ ತುರಿಕೆಯಾಗುತ್ತದೆ, ಕೈಗವಸು ಹಾಕಿಕೊಳ್ಳಿ.

ಈಗ ನೆಲದ ತಯಾರಿ. ಗಿಡ ಎಷ್ಟೇ ಒಳ್ಳೆಯದಿರಲಿ, ಅಡಿಯಲ್ಲಿ ಗರಿಕೆ ಅಥವಾ ಕೊನ್ನಾರಿ ಗಡ್ಡೆ ಇದ್ದರೆ ಎಲ್ಲ ವ್ಯರ್ಥ. ಹೊದಿಕೆ ಗಿಡದ ಮಧ್ಯದಿಂದ ಕೊನ್ನಾರಿ ತಲೆ ಎತ್ತಿದ ಮೇಲೆ ಅದನ್ನು ಪೂರ್ತಿ ಕೀಳಲು ಆಗುವುದಿಲ್ಲ. ಹುಲ್ಲು ಕೈಗೆ ಬರುತ್ತದೆ, ಗಡ್ಡೆ ಒಳಗೇ ಉಳಿಯುತ್ತದೆ. ಅದಕ್ಕೆ ನೆಡುವ ಮೊದಲು ಬಯಲು ಪಾತಿಯನ್ನು ಆಳಕ್ಕೆ ಅಗೆದು, ಗಡ್ಡೆಯಿಂದ ಗಡ್ಡೆಗೆ ಹೋಗುವ ಕಪ್ಪು ದಾರದಂಥ ಬೇರನ್ನು ಹಿಡಿದು ಒಂದೊಂದಾಗಿ ಆರಿಸಿದೆ. ಆಮೇಲೆ ಗಿಡ ನೆಡದೆ ಸುಮ್ನೆ ನೀರು ಹಾಕಿದೆ. ಉಳಿದ ಕಳೆಯೆಲ್ಲ ಮೊಳೆತು ಮೇಲೆ ಬಂತು, ಮತ್ತೆ ಕಿತ್ತೆ. ಬೇಸರದ ಕೆಲಸ, ನಿಜ. ಆದರೆ ಇಡೀ ಕೆಲಸದಲ್ಲಿ ಬಿಡಲಾಗದ್ದು ಇದೊಂದೇ. ಕಳೆ ತಡೆಯಲು ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದಾರೆ. ಗೆಣ್ಣಿಂದ ಬೇರಿಳಿಸುವ ಗಿಡಕ್ಕೆ ಬೇರಿಳಿಸಲು ಮಣ್ಣೇ ಸಿಗದಿದ್ದರೆ ಅದು ಹಬ್ಬುವುದಾದರೂ ಹೇಗೆ?

ಎಷ್ಟು ಗಿಡ ಬೇಕು ಅನ್ನುವ ಲೆಕ್ಕ ಮೊದಲೇ ಹಾಕಿ. 30 ಸೆಂಟಿಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಚದರ ಮೀಟರಿಗೆ ಸುಮಾರು 11 ಗಿಡ ಸಾಕು. ಅಂತರ 15ಕ್ಕೆ ಇಳಿಸಿದರೆ ಅದೇ ಜಾಗಕ್ಕೆ 44 ಬೇಕು. ಅಂತರ ಅರ್ಧವಾದರೆ ಗಿಡ ನಾಲ್ಕು ಪಟ್ಟು. ಅರಾಕಿಸನ್ನು 30ರಲ್ಲಿ ನೆಟ್ಟೆ, ನಿಧಾನಕ್ಕೆ ಬೆಳೆಯುವ ಮೊಂಡೋವನ್ನು 15ರಲ್ಲಿ. ಅಷ್ಟೊಂದು ಮೊಂಡೋ ಕೊಳ್ಳುವ ಬದಲು ದಪ್ಪ ಪೊದೆಗಳನ್ನು ತಂದು, ಪ್ರತಿ ತುಂಡಿಗೂ ಮೂರ್ನಾಲ್ಕು ಹಿಳ್ಳು ಬರುವಂತೆ ಕೈಯಲ್ಲೇ ಬಿಡಿಸಿದೆ. ಬೇರು ತೀರಾ ಹೆಣೆದುಕೊಂಡಿದ್ದರೆ ಬಕೆಟ್ ನೀರಿನಲ್ಲಿ ಅಲ್ಲಾಡಿಸಿದರೆ ಬಿಟ್ಟುಕೊಳ್ಳುತ್ತದೆ. ನೇರ ಸಾಲಿಗಿಂತ ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವಂತೆ ನೆಟ್ಟರೆ ಬೇಗ ಮುಚ್ಚುತ್ತದೆ. ಇಳಿಜಾರಿನಲ್ಲಂತೂ ಹಾಗೇ ನೆಡಬೇಕು, ಇಲ್ಲದಿದ್ದರೆ ನೀರು ಸಾಲುಗಳ ಮಧ್ಯೆ ಕಾಲುವೆ ಮಾಡಿಕೊಳ್ಳುತ್ತದೆ. ಗಿಡ ಕೂಡುವವರೆಗೆ ನಡುವಿನ ಬೋಳು ನೆಲಕ್ಕೆ ತರಗೆಲೆ ಹಾಸಿ.

ಅರಾಕಿಸ್ ಒತ್ತಾಗಿ ಬೆಳೆದು ಹೂ ಕಡಿಮೆಯಾದಾಗ ನೆಲದಿಂದ ನಾಲ್ಕು ಬೆರಳು ಬಿಟ್ಟು ಸವರುತ್ತೇನೆ. ಬೇಸಿಗೆಯ ನಡುವೆ ಮಾತ್ರ ಇದನ್ನು ಮಾಡುವುದಿಲ್ಲ, ಬೋಳಾದ ನೆಲ ಕಾದುಬಿಡುತ್ತದೆ.

ಇಷ್ಟು ಹಸಿರಿದ್ದರೆ ಹಾವು ಬರಲ್ವಾ ಅಂತ ನೋಡಿದವರೆಲ್ಲ ಕೇಳುತ್ತಾರೆ. ಇಲಿ, ಕಪ್ಪೆ ಸೇರುವಂಥ ಎತ್ತರದ ಪೊದೆ ಮನೆಯ ಹತ್ತಿರ ಇರಬಾರದು ಅನ್ನುವುದು ಸರಿಯೇ. ಅದಕ್ಕೆ ಬಾಗಿಲಿನ ಹತ್ತಿರ, ಓಡಾಡುವ ದಾರಿಯ ಪಕ್ಕ ಗಿಡ್ಡ ಮೊಂಡೋ ಮಾತ್ರ ಇದೆ. ಗೋಡೆಗೂ ಗಿಡಕ್ಕೂ ನಡುವೆ ಒಂದು ಮೊಳ ಅಗಲಕ್ಕೆ ಜಲ್ಲಿ ಹಾಕಿದ್ದೇನೆ. ಇದರಿಂದ ಗೋಡೆಗೆ ತೇವ ತಾಗುವುದಿಲ್ಲ, ಗೆದ್ದಲು ಮಣ್ಣಿನ ದಾರಿ ಕಟ್ಟಿಕೊಂಡು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಬಸವನಹುಳು ಮಾತ್ರ ಬರುತ್ತದೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಹೋದರೆ ಒಂದೆಲಗದ ಮೇಲೆ ಸಾಲಾಗಿ ಸಿಗುತ್ತದೆ, ಆರಿಸಿ ಉಪ್ಪುನೀರಿನ ಡಬ್ಬಿಗೆ ಹಾಕುವುದು. ಉಪ್ಪನ್ನು ಪಾತಿಗೇ ಎರಚಬೇಡಿ, ಹುಳುವಿನ ಜೊತೆ ಗಿಡವೂ ಹೋಗುತ್ತದೆ.