ಸ್ಟಾರ್-ಡೆಲ್ಟಾ ಮೋಟಾರಿನ ಕರೆಂಟ್ ಹಿಡಿಯಲು ಟ್ರಿಗರ್ ಹಾಕುವುದು

ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಲ್ಲಿ ಸುಗ್ಗಿ ಜೋರಾಗಿರುವಾಗಲೇ 20 ಎಚ್‌ಪಿ ಮೋಟಾರು ಸ್ಟಾರ್‌ನಿಂದ ಡೆಲ್ಟಾಕ್ಕೆ, ಅಂದರೆ ಕಡಿಮೆ ಕರೆಂಟಿನಲ್ಲಿ ಹೊರಡುವ ಜೋಡಣೆಯಿಂದ ಪೂರ್ತಿ ವೋಲ್ಟೇಜಿನಲ್ಲಿ ಓಡುವ ಜೋಡಣೆಗೆ, ಬೀಳುತ್ತಲೇ ಬ್ರೇಕರ್ ಟ್ರಿಪ್ ಆಗುವುದುಂಟು. ಆ ಕರೆಂಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಏರಿ ಇಳಿಯುತ್ತದೆ, ಪ್ಯಾನಲ್ ಮೀಟರಿನ ಮುಳ್ಳಿಗೆ ಸಿಗುವುದಿಲ್ಲ. ವೋಲ್ಟೇಜನ್ನು ಕ್ಷಣಕ್ಷಣಕ್ಕೂ ದಾಖಲಿಸುವ ಡೇಟಾ ಅಕ್ವಿಸಿಷನ್ ಉಪಕರಣಕ್ಕೆ ಸರಿಯಾದ ಟ್ರಿಗರ್, ಅಂದರೆ ಯಾವ ಮಟ್ಟ ದಾಟಿದಾಗ ರೆಕಾರ್ಡ್ ಮಾಡಬೇಕೆಂಬ ಸೂಚನೆ, ಹಾಕಿದರೆ ಸಿಗುತ್ತದೆ.

415 ವೋಲ್ಟ್ ಲೈನನ್ನು ಉಪಕರಣದ ಇನ್‌ಪುಟ್‌ಗೆ ನೇರವಾಗಿ ಕೊಡಲೇಬೇಡಿ. ಮೇನ್ ಆಫ್ ಮಾಡಿ, ಸ್ಟಾರ್ಟರ್‌ಗೆ ಬರುವ ಒಂದು ಫೇಸ್ ವೈರಿಗೆ ಮಾತ್ರ ಎಸಿ-ಡಿಸಿ ಕ್ಲ್ಯಾಂಪ್ (ವೈರನ್ನು ಸುತ್ತಿ ಹಿಡಿದು ಕರೆಂಟಿಗೆ ತಕ್ಕ ಸಣ್ಣ ವೋಲ್ಟೇಜ್ ಕೊಡುವ ಇಕ್ಕಳ) ಹಾಕಿ. ಮೂರೂ ವೈರನ್ನು ಒಟ್ಟಿಗೆ ಹಿಡಿದರೆ ಒಂದನ್ನೊಂದು ಕಳೆದು ಸೊನ್ನೆ ಬರುತ್ತದೆ. ಹಾಕುವ ಮೊದಲು ಖಾಲಿ ಕ್ಲ್ಯಾಂಪ್ ಮುಚ್ಚಿ ಝೀರೋ ಮಾಡಿ.

ಕ್ಲ್ಯಾಂಪಿನಲ್ಲಿ ಆಂಪಿಯರ್‌ಗೆ 1 ಮಿಲಿವೋಲ್ಟ್ ರೇಂಜ್ ಇಡಿ. 10 ಮಿಲಿವೋಲ್ಟ್ ಕೊಡುವ ರೇಂಜ್ ಎಷ್ಟೋ ಕ್ಲ್ಯಾಂಪ್‌ಗಳಲ್ಲಿ 100 ಆಂಪಿಯರ್‌ಗೇ ಮುಗಿಯುತ್ತದೆ. ಆಗ ಅಲೆಯ ನೆತ್ತಿ ಕುಡುಗೋಲಿನಿಂದ ಸವರಿದಂತೆ ಚಪ್ಪಟೆಯಾಗಿ ಕಾಣುತ್ತದೆ. ಉಪಕರಣದ ಇನ್‌ಪುಟ್ ರೇಂಜ್ ±1 ವೋಲ್ಟ್ ಸಾಕು.

ಟ್ರಿಗರ್ ಮಟ್ಟವನ್ನು ಅಂದಾಜಿನಲ್ಲಿ ಇಡಬೇಡಿ, ಲೆಕ್ಕ ಹಾಕಿ. ನೇಮ್‌ಪ್ಲೇಟಿನಲ್ಲಿ 28 ಆಂಪಿಯರ್ ಇದ್ದರೆ, ಅದನ್ನು 1.414ರಿಂದ ಗುಣಿಸಿದಾಗ ಓಡುವ ಮೋಟಾರಿನ ಪೀಕ್ ಸುಮಾರು 40 ಮಿಲಿವೋಲ್ಟ್. ಸ್ಟಾರ್‌ನಲ್ಲಿ ಹೊರಡುವಾಗ ಸುಮಾರು ಇದರ ಎರಡರಷ್ಟು, ಅಂದರೆ 80. ನಡುವಿನ 60 ಇಡಿ. ರೈಸಿಂಗ್ ಎಡ್ಜ್ (ಏರುವಾಗ ಮಾತ್ರ), ಸಿಂಗಲ್ ಮೋಡ್ (ಒಂದೇ ಸಲ), ಹಿಸ್ಟರಿಸಿಸ್ (ಸಣ್ಣ ಅಲುಗಾಟಕ್ಕೆ ಟ್ರಿಗರ್ ಆಗದಂತೆ ಬಿಡುವ ಅಂತರ) 10 ಮಿಲಿವೋಲ್ಟ್. ಪಕ್ಕದ ಕಾಂಟ್ಯಾಕ್ಟರ್ (ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್) ಬಿದ್ದಾಗಲೆಲ್ಲ ಟ್ರಿಗರ್ ಆಗುತ್ತಿದ್ದರೆ ಕ್ಲ್ಯಾಂಪಿನ ಕೇಬಲ್ಲನ್ನು ಪವರ್ ವೈರುಗಳಿಂದ ದೂರ ಎಳೆಯಿರಿ. ಮಟ್ಟ ಏರಿಸುವುದು ಕೊನೆಯ ದಾರಿ.

ಸೆಕೆಂಡಿಗೆ 10,000 ಸ್ಯಾಂಪಲ್ ಇಟ್ಟರೆ 50 ಹರ್ಟ್ಸ್‌ನ ಒಂದು ಸೈಕಲ್‌ಗೆ 200 ಬಿಂದು ಸಿಗುತ್ತವೆ. ಸ್ಟಾರ್ಟರಿನಲ್ಲಿ ಡೆಲ್ಟಾಕ್ಕೆ ಬದಲಿಸುವ ಟೈಮರ್ 8 ಸೆಕೆಂಡಿಗಿದ್ದರೆ ಪ್ರಿ-ಟ್ರಿಗರ್ (ಟ್ರಿಗರ್ ಆಗುವ ಮುಂಚಿನ ದಾಖಲೆ) 1 ಸೆಕೆಂಡ್, ನಂತರ 14 ಸೆಕೆಂಡ್. ಒಟ್ಟು 1,50,000 ಸ್ಯಾಂಪಲ್. ಮೇನ್ ಆನ್ ಮಾಡಿ, ಉಪಕರಣವನ್ನು ಟ್ರಿಗರಿಗೆ ಕಾಯಿಸುವ ಆರ್ಮ್ ಒತ್ತಿ, ಎರಡು ಸೆಕೆಂಡ್ ತಡೆದು ಮೋಟಾರಿನ ಸ್ಟಾರ್ಟ್ ಬಟನ್ ಒತ್ತಿರಿ. ಪ್ರಿ-ಟ್ರಿಗರ್ ಬಫರ್ ತುಂಬುವ ಮೊದಲೇ ಒತ್ತಿದರೆ ಹಲವು ಉಪಕರಣಗಳು ಆ ಟ್ರಿಗರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈಗ ಸ್ಟಾರ್ ಬಿಟ್ಟು ಡೆಲ್ಟಾ ಹಿಡಿಯುವ ಜಾಗವನ್ನು ದೊಡ್ಡದು ಮಾಡಿ ನೋಡಿ. ಅದಕ್ಕೆ ಮುಂಚೆ ಕರೆಂಟ್ ಇನ್ನೂ ಇಳಿದೇ ಇರದಿದ್ದರೆ ಮೋಟಾರು ವೇಗ ಹಿಡಿಯುವ ಮೊದಲೇ ಟೈಮರ್ ಬದಲಿಸುತ್ತಿದೆ: 2 ಸೆಕೆಂಡ್ ಹೆಚ್ಚಿಸಿ ಮತ್ತೆ ರೆಕಾರ್ಡ್ ಮಾಡಿ. ಹೆಚ್ಚಿಸಿದರೂ ಇಳಿಯದಿದ್ದರೆ ಲೋಡ್ ಇಟ್ಟುಕೊಂಡೇ ಸ್ಟಾರ್ಟ್ ಮಾಡುತ್ತಿದ್ದಾರೆ ಎಂದರ್ಥ. ಭತ್ತದ ಗೇಟ್ ಮುಚ್ಚಿಸಿ. ಚೆನ್ನಾಗಿ ಇಳಿದ ಮೇಲೂ ಡೆಲ್ಟಾದಲ್ಲಿ ಎತ್ತರದ ಮೊನೆ ಬಂದರೆ, ಮೋಟಾರಿನ ಆರು ಲೀಡುಗಳ ಡೆಲ್ಟಾ ಜೋಡಣೆಯ ಕ್ರಮ ಪರೀಕ್ಷಿಸಿ.