0-3 ಸೋತ ಮ್ಯಾಚು, ಲೋಟದ ತುಂಬ ತೊಗರಿ

ಬೀದರ್‌ನ ಫುಟ್‌ಬಾಲ್ ತಂಡದ ಎದುರು, ನಾನು ಆಡಿಸುವ ನಮ್ಮ ಕಲಬುರಗಿ ಹುಡುಗರು 0-3 ಸೋತ ದಿನ ನಾನು "ಚೆನ್ನಾಗಿ ಆಡಿದಿರಿ" ಅಂದೆ. ಪಕ್ಕದಲ್ಲಿದ್ದ ಒಬ್ಬ ಹುಡುಗನ ತಂದೆ ನಕ್ಕೇ ಬಿಟ್ಟರು. "ಏನ್ ಸರ, ಮೂರು ಗೋಲ್ ತಿಂದು ಬಂದಾರ, ಚೊಲೊ ಆಡ್ಯಾರ ಅಂತೀರಲ್ಲ!" ಲೋಟದಲ್ಲಿದ್ದ ತೊಗರಿ ಕಾಳು ತೋರಿಸಿದೆ. ನಗು ಇನ್ನೂ ಜಾಸ್ತಿಯಾಯಿತು.

ಗೋಲ್ ಎಷ್ಟಾದರೂ ಇರಲಿ, ಗೋಲಾಗುವಂಥ ಅವಕಾಶ ಯಾರಿಗೆ ಎಷ್ಟು ಸಿಕ್ಕಿತು ಅಂತ ಎಣಿಸೋಕೆ ಆ ಕಾಳು. ಕಾಳಿಗೆ ಬರುವ ಮೊದಲು ಸಾಕಷ್ಟು ದುಡ್ಡು ಕಳೆದಿದ್ದೆ. ಚೆಂಡು ಯಾರ ಹತ್ತಿರ ಎಷ್ಟು ಹೊತ್ತು ಇತ್ತು ಅಂತ ನೋಡೋಕೆ ಎರಡು ಸ್ಟಾಪ್‌ವಾಚ್, ಆರೇಳು ನೂರು ಇರಬೇಕು. ನಮ್ಮ ಡಿಫೆಂಡರ್‌ಗಳು ಹಿಂದೆಯೇ ನಿಂತು ಪಾಸ್ ಆಡಿಕೊಂಡಿದ್ದರೂ ವಾಚಿನಲ್ಲಿ ನಾವೇ ಮುಂದೆ! ಆಮೇಲೆ ಮೊಬೈಲ್ ಸ್ಟ್ಯಾಂಡ್. ಏಪ್ರಿಲ್ ಬಿಸಿಲು ಗೊತ್ತಲ್ಲ, ಅರ್ಧ ಮ್ಯಾಚಿಗೇ ಫೋನ್ ಕಾದು ಬಂದ್ ಆಯಿತು. ಕೊನೆಗೆ ಮದುವೆ ವಿಡಿಯೊ ತೆಗೆಯುವವನನ್ನು 1,500 ಕೊಟ್ಟು ಕರೆಸಿದೆ. ಗೋಲ್‌ಕೀಪರ್ ಬೆವರು ಒರೆಸಿಕೊಳ್ಳೋದನ್ನ ಸ್ಲೋ ಮೋಷನ್‌ನಲ್ಲಿ ತೆಗೆದು, ಹಿಂದೆ ಶಹನಾಯಿ ಹಾಕಿ ಕೊಟ್ಟ. ಗೋಲ್ ಒಂದೂ ಇರಲಿಲ್ಲ.

ಈಗ ಬೆಂಚಿನ ಮೇಲಿರುವ ಹುಡುಗನ ಕೈಗೆ ಎರಡು ಸ್ಟೀಲ್ ಲೋಟ. ನಮ್ಮದೊಂದು, ಅವರದೊಂದು. ದೂರದಿಂದ ಸುಮ್ನೆ ಒದ್ದರೆ ಜೋಳದ ಕಾಳು. ಬಾಕ್ಸ್ ಒಳಗೆ, ಅಂದರೆ ಗೋಲಿನ ಮುಂದೆ ಗೆರೆ ಎಳೆದ ಚೌಕದಲ್ಲಿ, ಗೋಲಿನ ಎದುರೇ ಒದ್ದರೆ ತೊಗರಿ. ಹೆಡರ್, ಅಂದರೆ ತಲೆಯಿಂದ ಹೊಡೆದದ್ದು, ಹತ್ತಿರದಿಂದ ಬಂದರೂ ಜೋಳವೇ. ಪೆನಾಲ್ಟಿಯನ್ನು ಸೇರಿಸಬಾರದು, ನಾಲ್ಕರಲ್ಲಿ ಮೂರು ಹೇಗೂ ಗೋಲಾಗುತ್ತವೆ. ಒಂದು ತೊಗರಿಗೆ ಎಷ್ಟು ಜೋಳ ಅನ್ನೋದನ್ನ ಮಾತ್ರ ಹೇಳಲ್ಲ. ಎರಡು ವರ್ಷ ತಲೆ ಕೆಡಿಸಿಕೊಂಡು ಕಂಡುಕೊಂಡಿದ್ದು.

ಮೊದಮೊದಲು ಕಾಳೂ ಮೋಸ ಮಾಡಿತು. 0-4 ಹಿಂದೆ ಬಿದ್ದ ಮೇಲೆ ನಮ್ಮ ಲೋಟ ತುಂಬುತ್ತಿತ್ತು. ಗೆಲ್ಲುತ್ತಿರುವವರು ಹಿಂದೆ ಸರಿದು ಒದೆಯೋಕೆ ಬಿಡ್ತಾರೆ, ಅಷ್ಟೇ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಗೆ 1-7 ಸೋತ ಬ್ರೆಜಿಲ್‌ನದೇ ಶಾಟ್ ಜಾಸ್ತಿ. ಆದರೆ ಮೊದಲರ್ಧಕ್ಕೇ 0-5 ಆಗಿತ್ತಲ್ವಾ? ಹಾಗಾಗಿ ಎರಡು ಗೋಲ್ ಅಂತರ ಬಿದ್ದ ಮೇಲಿನ ಕಾಳು ಬೇರೆ ಡಬ್ಬಿಗೆ.

ಬೀದರ್ ಮ್ಯಾಚಿನಲ್ಲಿ 0-2 ಆಗುವವರೆಗೆ ನಮ್ಮದು ಏಳೋ ಎಂಟೋ ತೊಗರಿ, ಅವರದು ಮೂರು. ಅವರ ಮೊದಲ ಗೋಲು ಜೋಳದ ಕಾಳು! ಚೆಂಡು ಕಲ್ಲಿಗೆ ತಾಗಿ ಪುಟಿದು ಕೀಪರ್ ಭುಜದ ಮೇಲಿಂದ ಹೋಯಿತು. ನಮ್ಮ ಸ್ಟ್ರೈಕರ್ ಮೂರು ಸಲ ಕೀಪರ್ ಕೈಗೇ ಒದ್ದ. ಅವನನ್ನು ತೆಗೆಯಿರಿ ಅಂತ ಎಲ್ಲರೂ ಗಂಟುಬಿದ್ದರು. ನಾನು ತೆಗೆಯಲಿಲ್ಲ. ಅಷ್ಟು ತೊಗರಿ ಬಿದ್ದದ್ದೇ ಅವನಿಂದ.

ಗೆದ್ದ ಮ್ಯಾಚಿಗೂ ಇದೇ ತಕ್ಕಡಿ. ಒಮ್ಮೆ 1-0 ಗೆದ್ದಾಗ ನಮ್ಮದು ಎರಡೇ ತೊಗರಿ, ಅವರದು ಆರು. ಬೈದೆ. ಹುಡುಗರು ಮುಖ ಊದಿಸಿಕೊಂಡರು. 2019ರಲ್ಲಿ ದೋಹಾದಲ್ಲಿ ಕತಾರ್ 27 ಸಲ ಒದ್ದರೂ ನಮ್ಮ ದೇಶ 0-0 ಉಳಿಸಿಕೊಂಡಿದ್ದು ಗುರ್‌ಪ್ರೀತ್ ಸಿಂಗ್ ಸಂಧು ಕೈಯಿಂದ, ಅಂಥ ಕೀಪರ್ ನಮಗೆಲ್ಲಿದ್ದಾನೆ ಅಂದೆ. ನಮ್ಮ ಕೀಪರ್ ಎರಡು ದಿನ ಮಾತಾಡಲಿಲ್ಲ. ಕಬಡ್ಡಿಗೂ ಕಾಳು ಹಾಕಿ ನೋಡಿದೆ. ಅಲ್ಲಿ ಏನೂ ಗಿಟ್ಟಲಿಲ್ಲ.

ಮೂರು ತಿಂಗಳಾದ ಮೇಲೆ ಅದೇ ಬೀದರ್ ತಂಡ, ನಮ್ಮ ಅದೇ ಹನ್ನೊಂದು ಹುಡುಗರು. 2-0 ಗೆದ್ದೆವು, ಎರಡೂ ಆ ಸ್ಟ್ರೈಕರ್‌ನವೇ. ಅವತ್ತು ನಕ್ಕ ತಂದೆ ಈಗ ತಾವೇ ಲೋಟ ಹಿಡಿದು ಕೂರುತ್ತಾರೆ. ರೆಫರಿ ಜೊತೆ ಜಗಳ ಬಿಟ್ಟು ನನ್ನ ಜೊತೆ ಶುರು: "ಅದು ತೊಗರಿ ಸರ, ಜೋಳ ಹ್ಯಾಂಗ ಆಗ್ತದ?"