ಓಟ ನಿಲ್ಲಿಸದೆ ಶಿನ್ ಸ್ಪ್ಲಿಂಟ್ ವಾಸಿ ಮಾಡಿಕೊಂಡ ಬಗೆ

ವಾರಕ್ಕೆ 20 ಕಿಲೋಮೀಟರ್ ಆಸುಪಾಸಿನಲ್ಲಿದ್ದ ಓಟವನ್ನು ಹಾಫ್ ಮ್ಯಾರಥಾನ್‌ಗಾಗಿ 45ಕ್ಕೆ ಏರಿಸಿದಾಗ ಎರಡೂ ಕಣಕಾಲುಗಳಲ್ಲಿ, ಅಂದರೆ ಮೊಣಕಾಲಿನ ಕೆಳಗಿನ ಮೂಳೆಯ ಉದ್ದಕ್ಕೆ, ನೋವು ಕಾಣಿಸಿಕೊಂಡಿತು. ಶಿನ್ ಸ್ಪ್ಲಿಂಟ್ ಎನ್ನುವುದು ಇದನ್ನೇ. ಓಟವನ್ನು ಪೂರ್ತಿ ಬಿಡದೆ ಅದು ಹೋಗದೆಂದು ಕಲಬುರಗಿಯ ನನ್ನ ಜೊತೆಗಾರರೆಲ್ಲ ಖಚಿತವಾಗಿ ಹೇಳಿದ್ದರು. ನೋವು ಹೋಯಿತು, ನಡುವೆ ಫಲ ಕೊಡದ ಎರಡು ವಾರದ ವಿಶ್ರಾಂತಿ ಬಿಟ್ಟರೆ ಓಟ ನಿಲ್ಲಲಿಲ್ಲ. ಅಂದು ಅನುಮಾನಿಸಿದವರಲ್ಲಿ ಇಬ್ಬರು ಮೂವರು ಈಗ ನನ್ನ ಕ್ರಮವನ್ನೇ ಹಿಡಿದಿದ್ದಾರೆ.

ನನ್ನದು ಕಣಕಾಲಿನ ಮೂಳೆಯ ಒಳಅಂಚಿನುದ್ದಕ್ಕೆ ಗೇಣಿನಷ್ಟು ಹರಡಿದ ನೋವಾಗಿತ್ತು. ಬೆರಳಿಟ್ಟ ಒಂದೇ ಜಾಗದಲ್ಲಿ ಚುಚ್ಚುವ, ರಾತ್ರಿ ಮಲಗಿದಾಗಲೂ ಬಿಡದ, ಒಂಟಿ ಕಾಲಿನಲ್ಲಿ ಕುಪ್ಪಳಿಸಲು ಬಿಡದ ನೋವಾದರೆ ಅದು ಮೂಳೆಯ ಬಿರುಕಿರಬಹುದು. ಅಂಥ ಬಿರುಕು ಆರಂಭದ ಎಕ್ಸ್-ರೇಯಲ್ಲಿ ಹಲವು ಸಲ ಕಾಣುವುದೇ ಇಲ್ಲ. ಅಂಥವರು ವೈದ್ಯರಿಗೆ ತೋರಿಸಬೇಕು, ಮುಂದಿನದನ್ನು ಪ್ರಯೋಗಿಸಬಾರದು.

ಮೊದಲ ಎರಡು ತಿಂಗಳು ಖರ್ಚಿನಲ್ಲೇ ಕಳೆದವು. ಹೊಸ ಶೂಗೆ ಸುಮಾರು 9,000, ಇನ್‌ಸೋಲ್‌ಗೆ 2,500, ಕಂಪ್ರೆಷನ್ ಸ್ಲೀವ್‌ಗೆ 1,200, ಶಾಖ ಕೊಡುವ ಯಂತ್ರದ ಕೆಳಗೆ ಮಲಗಿದ್ದಕ್ಕೆ ಸರಿಸುಮಾರು 4,000 ರೂಪಾಯಿ ಹೋಯಿತು. ಪೊಲೀಸ್ ನೇಮಕಾತಿಯ 1600 ಮೀಟರ್‌ಗೆ ತಯಾರಾಗುವ ಹುಡುಗರು ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಸುತ್ತಿಕೊಳ್ಳುವ ಕ್ರೇಪ್ ಬ್ಯಾಂಡೇಜನ್ನೂ ಸುತ್ತಿ ನೋಡಿದೆ. ಐಸ್ ಇಟ್ಟಾಗ ಅರ್ಧ ತಾಸು ಹಾಯೆನಿಸುತ್ತಿತ್ತು, ಮರುದಿನದ ಓಟದಲ್ಲಿ ನೋವು ಅಲ್ಲೇ ಇರುತ್ತಿತ್ತು. ಎರಡು ವಾರ ಪೂರ್ತಿ ವಿಶ್ರಾಂತಿ ಪಡೆದ ಮೇಲೆ ಮೂರನೆಯ ಓಟಕ್ಕೇ ಅದು ಮರಳಿತು, ಏಕೆಂದರೆ ವಿಶ್ರಾಂತಿಯಿಂದ ಮೂಳೆಗಾಗಲಿ ಸ್ನಾಯುವಿಗಾಗಲಿ ಹೊಸ ಬಲವೇನೂ ಬಂದಿರಲಿಲ್ಲ.

ಕೆಲಸ ಮಾಡಿದ್ದು ಮನೆಯ ಮುಂದಿನ ಶಹಾಬಾದ್ ಕಲ್ಲಿನ ಮೆಟ್ಟಿಲು ಮತ್ತು ಜೋಳ ತುಂಬಿದ ಬೆನ್ನಿನ ಚೀಲ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಊರಿ, ಮೊಣಕಾಲನ್ನು ತುಸು ಬಾಗಿಸಿಯೇ ಇಟ್ಟುಕೊಂಡು ಹಿಮ್ಮಡಿ ಎತ್ತಿ, ಮೂರು ಎಣಿಸುವಷ್ಟು ನಿಧಾನವಾಗಿ ಇಳಿಸುವುದು. ಮೊಣಕಾಲು ನೆಟ್ಟಗಾದರೆ ಭಾರ ಮೀನಖಂಡದ ಮೇಲಿನ ಸ್ನಾಯುವಿಗೆ ಹಂಚಿಹೋಗುತ್ತದೆ. ಬಾಗಿದ್ದರೆ ಅದರ ಒಳಗಿನ ಸೋಲಿಯಸ್ ಸ್ನಾಯು ದುಡಿಯುತ್ತದೆ, ನಮಗೆ ಬೇಕಾದದ್ದು ಅದೇ. ಎರಡು ಕಾಲಿನಿಂದ ಒಂಟಿ ಕಾಲಿಗೆ ಬಂದೆ, 5 ಕಿಲೋ ಜೋಳದಿಂದ 20ರವರೆಗೆ ಹೋದೆ, ದಿನ ಬಿಟ್ಟು ದಿನ ಮೂರು ಸುತ್ತು. ತೂಕ ಏರಿಸುವ ವಾರಗಳ ಲೆಕ್ಕ ನಾನೇ ಕಂಡುಕೊಂಡದ್ದು. ಅದನ್ನು ನನ್ನ ಜೊತೆ ಓಡುವವರಿಗಷ್ಟೇ ಹೇಳುತ್ತೇನೆ.

ಓಟವನ್ನು ಒಂದು ನಿಮಿಷ ಓಡಿ ಒಂದು ನಿಮಿಷ ನಡೆಯುವ 20 ನಿಮಿಷಕ್ಕೆ ಇಳಿಸಿದೆ. ಓಡುವಾಗ ಹತ್ತರಲ್ಲಿ ಮೂರರಷ್ಟು ನೋವನ್ನು ಒಪ್ಪಿಕೊಂಡೆ, ಮರುದಿನ ಬೆಳಿಗ್ಗೆಯೂ ಅದು ಉಳಿದಿದ್ದರೆ ಅಂದು ಓಡುತ್ತಿರಲಿಲ್ಲ. ಹೆಜ್ಜೆಯನ್ನು ಗಿಡ್ಡ ಮಾಡಿ, ನಿಮಿಷಕ್ಕೆ 160ರಷ್ಟಿದ್ದ ಹೆಜ್ಜೆಗಳನ್ನು ತಾಳ ಹಾಕುವ ಮೆಟ್ರೊನೋಮ್ ಹಚ್ಚಿಕೊಂಡು 170ರ ಹತ್ತಿರ ತಂದೆ.

ನೆಲವನ್ನೂ ಬದಲಿಸಿ ನೋಡಿದ್ದೇನೆ. ಎರೆ ಹೊಲದ ದಾರಿ ಮೆತ್ತಗಿರುತ್ತದೆಂದು ಇಳಿದರೆ ಬೇಸಿಗೆಯಲ್ಲಿ ಬಿರುಕುಗಳಲ್ಲಿ ಪಾದ ಹೊರಳುತ್ತದೆ, ಮಳೆ ಬಿದ್ದರೆ ಶೂಗೆ ಮಣ್ಣು ಮೆತ್ತಿ ಒಂದೊಂದು ಕಾಲೂ ಕಿಲೋ ಭಾರವಾಗುತ್ತದೆ. ಬೀದರಿಗೆ ಹೋದಾಗ ಓಡಿದ ಕೆಂಪು ಮುರಂ ಮಣ್ಣಿನ ಹಾದಿ ಎಲ್ಲಕ್ಕಿಂತ ಹಿತವಾಗಿತ್ತು, ಆದರೆ ಕಲಬುರಗಿಯಲ್ಲಿರುವವನಿಗೆ ದಿನವೂ ದಕ್ಕುವುದು ರಿಂಗ್ ರೋಡ್. ಅದರ ಅಂಚು ಒಂದು ಬದಿಗೆ ವಾಲಿರುವುದರಿಂದ, ಬೆಳಗಿನ ಜಾವ ವಾಹನವಿಲ್ಲದ ಹೊತ್ತಿನಲ್ಲಿ ಸಮತಟ್ಟಾದ ಕಡೆ ನೋಡಿ ಓಡುತ್ತೇನೆ.

ಮೆಟ್ಟಿಲು ಹಿಡಿದ ಹೆಚ್ಚುಕಡಿಮೆ ಎಂಟು ವಾರಕ್ಕೆ ನೋವಿಲ್ಲದೆ 5 ಕಿಲೋಮೀಟರ್, ನಾಲ್ಕೈದು ತಿಂಗಳಿಗೆ ವಾರಕ್ಕೆ 50. ಮೆಟ್ಟಿಲಿನ ಕಸರತ್ತು ಈಗಲೂ ವಾರಕ್ಕೆ ಎರಡು ಸಲ ನಡೆದಿದೆ. ಚೀಲದಲ್ಲಿ ಜೋಳ 25 ಕಿಲೋ ದಾಟಿದೆ.